‘ಆಗಲ್ಲ’ ಎನ್ನುವುದನ್ನು ಇಂಗ್ಲಿಷ್‌ನಲ್ಲಿ ಹೇಳುವುದು ಹೇಗೆ?

ಕೇಳಿದ ದಿನಕ್ಕೆ ಕೆಲಸ ಮುಗಿಯದು, ಕೇಳಿದ ಬೆಲೆಗೆ ಕೊಡಲಾಗದು, ಕರೆದ ಹೊತ್ತಿಗೆ ಹೋಗಲಾಗದು. ಕಚೇರಿಯ ಇಂಗ್ಲಿಷ್‌ನಲ್ಲಿ ನಾವು ಹೆಚ್ಚು ತಡವರಿಸುವುದು ಇಂಥ ಕಡೆಯೇ. ಒಪ್ಪಿಗೆ ಸೂಚಿಸಲು ಎರಡು ಪದ ಸಾಕು. ಮಿತಿ ಹೇಳುವಾಗ ಮಾತ್ರ ಒಂದೋ ಒರಟಾಗುತ್ತೇವೆ, ಇಲ್ಲವೇ ಕೇಳಿದವರಿಗೆ ಏನೂ ತಿಳಿಯದಷ್ಟು ಸುತ್ತಿ ಬಳಸುತ್ತೇವೆ. ಇಂಗ್ಲಿಷ್ ಮನೆಮಾತಿನವರು ಸಾಮಾನ್ಯವಾಗಿ ‘ಆಗದು’ ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಎಲ್ಲಿಯವರೆಗೆ ಆಗುತ್ತದೆ ಎಂಬ ಗೆರೆಯನ್ನೂ ಎಳೆದು ತೋರಿಸುತ್ತಾರೆ. ಆ ಗೆರೆ ಎಳೆಯುವ ಕ್ರಮ ಇಲ್ಲಿದೆ.

ಹಂತ 1: ಅಡ್ಡಿ ಯಾವುದೆಂದು ತೀರ್ಮಾನಿಸಿ

ಕನ್ನಡದ ‘ಆಗಲ್ಲ’ ಒಂದೇ ಉಸಿರಿನಲ್ಲಿ ನಾಲ್ಕು ಅರ್ಥ ಕೊಡುತ್ತದೆ: ಶಕ್ತಿಯಿಲ್ಲ, ಅನುಕೂಲವಿಲ್ಲ, ನಿಯಮ ಒಪ್ಪದು, ಮನಸ್ಸಿಲ್ಲ. ಇಂಗ್ಲಿಷ್‌ನಲ್ಲಿ ಇವು ಬೇರೆಬೇರೆ ದಾರಿ ಹಿಡಿಯುತ್ತವೆ. ಶಕ್ತಿ ಅಥವಾ ಅನುಕೂಲ ಇಲ್ಲದಿದ್ದರೆ ‘ಐ ಕಾಂಟ್’. ನಿಯಮ ಅಡ್ಡ ಬಂದರೆ ‘ಐಯಾಮ್ ನಾಟ್ ಅಲೌಡ್ ಟು’. ತೀರ್ಮಾನ ನಿಮ್ಮ ಕೈಯಲ್ಲಿಲ್ಲದಿದ್ದರೆ ‘ಇಟ್ಸ್ ನಾಟ್ ಅಪ್ ಟು ಮಿ’ ಅಥವಾ ‘ಮೈ ಹ್ಯಾಂಡ್ಸ್ ಆರ್ ಟೈಡ್’. ಮನಸ್ಸಿಲ್ಲದಿದ್ದರೆ ‘ಐ’ಡ್ ರಾದರ್ ನಾಟ್’.

ಹೆಚ್ಚು ಅನಾಹುತ ಮಾಡುವುದು ‘ವಿಲ್ ನಾಟ್’. ‘ನಾಳೆ ನಾನು ಬರುವುದಿಲ್ಲ’ ಎಂಬ ನಮ್ಮ ಸಾದಾ ಮಾತನ್ನು ‘ಐ ವಿಲ್ ನಾಟ್ ಕಮ್ ಟುಮಾರೋ’ ಎಂದು ಹೇಳಿದರೆ ಕೇಳುವವರ ಕಿವಿಗೆ ಅದು ‘ಬರಲೊಲ್ಲೆ’ ಎಂಬ ಹಟವಾಗಿ ಬೀಳಬಹುದು. ಅಡ್ಡಿ ಅನುಕೂಲದ್ದಾದರೆ ‘ಐ ವೋಂಟ್ ಬಿ ಏಬಲ್ ಟು ಕಮ್’ ಅಥವಾ ‘ಐ ಕಾಂಟ್ ಮೇಕ್ ಇಟ್ ಟುಮಾರೋ’ ಎನ್ನಿ. ‘ವಿಲ್’ ಮುಂದೆ ‘ಕ್ಯಾನ್’ ಎಂದೂ ಬಾರದು. ಆ ಜಾಗ ತುಂಬುವುದೇ ‘ಬಿ ಏಬಲ್ ಟು’ವಿನ ಕೆಲಸ.

‘ನನಗೆ ಸಾಧ್ಯವಿಲ್ಲ’ ಎಂಬ ವಾಕ್ಯವೂ ದಾರಿ ತಪ್ಪಿಸುತ್ತದೆ. ‘ಐಯಾಮ್ ನಾಟ್ ಪಾಸಿಬಲ್’ ತಪ್ಪು, ಏಕೆಂದರೆ ಸಾಧ್ಯವೋ ಅಸಾಧ್ಯವೋ ಆಗುವುದು ಕೆಲಸ, ಮನುಷ್ಯನಲ್ಲ. ‘ಇಟ್ಸ್ ನಾಟ್ ಪಾಸಿಬಲ್ ಫಾರ್ ಮಿ ಟು ಕಮ್’ ಸರಿ. ಇನ್ನು ‘ಶಿ ಈಸ್ ಇಂಪಾಸಿಬಲ್’ ಎಂದರೆ ಅವಳ ಜೊತೆ ಏಗುವುದು ಅಸಾಧ್ಯ ಎಂಬ ದೂರು. ಎಚ್ಚರ.

ಹಂತ 2: ಕಾಲ ನೋಡಿಕೊಳ್ಳಿ

‘ಕುಡ್’ ಎಂದರೆ ‘ಕ್ಯಾನ್’ನ ಭೂತಕಾಲ ಎಂದು ಶಾಲೆಯಲ್ಲಿ ಕಲಿತದ್ದು ಅರ್ಧ ಮಾತ್ರ ನಿಜ. ಹಿಂದೆ ಇದ್ದ ಸಾಮರ್ಥ್ಯಕ್ಕೆ ಅದು ಸರಿ: ಐದನೇ ವಯಸ್ಸಿಗೇ ಈಜಲು ಬರುತ್ತಿತ್ತು ಎನ್ನಲು ‘ಐ ಕುಡ್ ಸ್ವಿಮ್ ಅಟ್ ಫೈವ್’. ಆದರೆ ಒಂದು ಸಲ, ಒಂದು ಕೆಲಸವನ್ನು ಮಾಡಿ ಮುಗಿಸಿದ್ದಕ್ಕೆ ‘ಕುಡ್’ ಒಗ್ಗದು. ನಿನ್ನೆ ವರದಿ ಮುಗಿಸಲು ಆಯಿತು ಎನ್ನಲು ‘ಐ ವಾಸ್ ಏಬಲ್ ಟು ಫಿನಿಶ್ ದ ರಿಪೋರ್ಟ್’ ಎನ್ನಬೇಕು. ಕಷ್ಟಪಟ್ಟು ಮುಗಿಸಿದ್ದರೆ ‘ಐ ಮ್ಯಾನೇಜ್ಡ್ ಟು ಫಿನಿಶ್ ಇಟ್’ ಇನ್ನೂ ಚೆನ್ನ. ಕಾಣುವ, ಕೇಳಿಸುವ ಕ್ರಿಯೆಗಳಿಗೆ ಮಾತ್ರ ವಿನಾಯಿತಿ: ‘ಐ ಕುಡ್ ಹಿಯರ್ ಹಿಮ್’ ಸರಿಯೇ. ನಿಷೇಧಕ್ಕೆ ಈ ತೊಡಕಿಲ್ಲ, ‘ಐ ಕುಡಂಟ್ ಫಿನಿಶ್ ಇಟ್’ ಎಲ್ಲ ಕಡೆಗೂ ನಡೆಯುತ್ತದೆ.

ಇದೇ ‘ಕುಡ್’ ಮುಂದಿನ ದಿನಕ್ಕೂ ಬರುತ್ತದೆ. ‘ಐ ಕುಡ್ ಡೂ ಥರ್ಸ್‌ಡೇ’ ಎಂದರೆ ಗುರುವಾರವಾದರೆ ಆಗಬಹುದು ಎಂಬ ಸಲಹೆ. ಅದನ್ನು ಭೂತಕಾಲವೆಂದು ತಿಳಿದು ಗಲಿಬಿಲಿಗೊಳ್ಳಬೇಡಿ.

ಹಂತ 3: ಗೆರೆಗೆ ದಿನಾಂಕ ಅಥವಾ ಸಂಖ್ಯೆ ಕೊಡಿ

ಹಣ, ದಿನ, ಜನ ಇವುಗಳ ಲೆಕ್ಕ ಬರುವುದರಿಂದ ಇಲ್ಲಿ ಒಂದು ಸಣ್ಣ ಪದ ತಪ್ಪಿದರೂ ನಷ್ಟ. ‘ಒಳಗೆ’ ಎಂಬಲ್ಲಿ ‘ಬೈ’, ‘ವರೆಗೆ’ ಎಂಬಲ್ಲಿ ‘ಅಂಟಿಲ್’ ಎಂದು ನೆನಪಿಟ್ಟರೆ ಅರ್ಧ ಗೊಂದಲ ಕರಗುತ್ತದೆ. ನಿಷೇಧದ ಜೊತೆ ಇವುಗಳ ವ್ಯತ್ಯಾಸ ಇನ್ನೂ ಚೂಪಾಗುತ್ತದೆ. ‘ಐ ಕಾಂಟ್ ಸೆಂಡ್ ಇಟ್ ಅಂಟಿಲ್ ಫ್ರೈಡೇ’ ಎಂದರೆ ಶುಕ್ರವಾರದವರೆಗೆ ಕಳಿಸಲಾಗದು, ಶುಕ್ರವಾರ ಕಳಿಸಬಲ್ಲೆ. ‘ಐ ಕಾಂಟ್ ಸೆಂಡ್ ಇಟ್ ಬೈ ಫ್ರೈಡೇ’ ಎಂದರೆ ಶುಕ್ರವಾರ ಬಂದರೂ ಅದು ಸಿದ್ಧವಿರದು. ಎರಡನೆಯದನ್ನು ಓದಿದ ಗ್ರಾಹಕ ಬೇರೆಯವರನ್ನು ಹುಡುಕಲು ಹೊರಟರೆ ತಪ್ಪು ಅವನದಲ್ಲ.

‘ಇನ್ ಟೂ ಅವರ್ಸ್’ ಮತ್ತು ‘ವಿದಿನ್ ಟೂ ಅವರ್ಸ್’ ಕೂಡ ಒಂದೇ ಅಲ್ಲ. ‘ಐ’ಲ್ ಕಾಲ್ ಯು ಇನ್ ಟೂ ಅವರ್ಸ್’ ಎಂದರೆ ಎರಡು ಗಂಟೆ ಕಳೆದ ಮೇಲೆ. ‘ವಿದಿನ್’ ಎಂದರೆ ಆ ಎರಡು ಗಂಟೆಯೊಳಗೆ ಯಾವಾಗ ಬೇಕಾದರೂ.

ಸಂಖ್ಯೆಗೆ ಬಂದರೆ ‘ಅಪ್ ಟು ಫಿಫ್ಟಿ’ಯಲ್ಲಿ 50 ಸೇರಿದೆ, ‘ಫ್ಯೂಯರ್ ದ್ಯಾನ್ ಫಿಫ್ಟಿ’ಯಲ್ಲಿ 49ಕ್ಕೇ ಗೆರೆ. ಗಡುವನ್ನು ಖಡಕ್ಕಾಗಿ ಹೇಳಲು ‘ನೋ ಲೇಟರ್ ದ್ಯಾನ್’ ಬಳಸಿ, ಇಲ್ಲವೇ ದಿನದ ಹೆಸರಿನ ನಂತರ ‘ಅಟ್ ದ ಲೇಟೆಸ್ಟ್’ ಸೇರಿಸಿ.

ಹಂತ 4: ಕಾರಣ ಹೇಳಿ, ಒಂದು ‘ಇಲ್ಲ’ವನ್ನು ಕಳೆಯಿರಿ

‘ಎತ್ತಲಾರದಷ್ಟು ಭಾರ’ ಎಂಬಲ್ಲಿ ಕನ್ನಡಕ್ಕೆ ನಿಷೇಧ ಬೇಕು. ಇಂಗ್ಲಿಷ್‌ನ ‘ಟೂ ಹೆವಿ ಟು ಲಿಫ್ಟ್’ನಲ್ಲಿ ಆ ನಿಷೇಧ ‘ಟೂ’ವಿನೊಳಗೇ ಅಡಗಿದೆ. ಹಾಗಾಗಿ ‘ನಾಟ್’ ಬೇಡ. ‘ದಿಸ್ ಬಾಕ್ಸ್ ಈಸ್ ಟೂ ಹೆವಿ ಟು ಲಿಫ್ಟ್ ಇಟ್’ ಎಂದು ಕೊನೆಗೆ ‘ಇಟ್’ ಅಂಟಿಸುವುದೂ ತಪ್ಪು. ಬಹಳ ಚೆನ್ನಾಗಿದೆ ಎಂಬ ಮೆಚ್ಚುಗೆಗೆ ‘ಟೂ ಗುಡ್’ ಎನ್ನುವ ನಮ್ಮ ಅಭ್ಯಾಸವನ್ನು ಕೆಲಸದ ಪತ್ರಗಳಲ್ಲಾದರೂ ಬಿಡುವುದು ಒಳ್ಳೆಯದು, ಏಕೆಂದರೆ ‘ಟೂ’ ಮಿತಿ ಮೀರಿದ್ದನ್ನು ಹೇಳುವ ಪದ.

‘ಅನ್‌ಲೆಸ್’ನಲ್ಲೂ ಇದೇ ತೊಂದರೆ. ‘ನೀವು ಹಣ ಕಟ್ಟದ ಹೊರತು’ ಎಂಬಲ್ಲಿ ‘ಕಟ್ಟದ’ ನಿಷೇಧರೂಪ. ಅದನ್ನೇ ಹೊತ್ತುಕೊಂಡು ಹೋಗಿ ‘ಅನ್‌ಲೆಸ್ ಯು ಡೋಂಟ್ ಪೇ’ ಎಂದರೆ ಅರ್ಥ ತಲೆಕೆಳಗು. ‘ಅನ್‌ಲೆಸ್ ಯು ಪೇ’ ಅಷ್ಟೇ. ‘ಹಾರ್ಡ್ಲಿ’ ಕೂಡ ತನ್ನೊಳಗೇ ‘ಇಲ್ಲ’ ಹೊಂದಿರುವ ಪದ: ‘ಐ ಕ್ಯಾನ್ ಹಾರ್ಡ್ಲಿ ಹಿಯರ್ ಯು’ ಎಂದರೆ ನಿಮ್ಮ ಮಾತು ಕೇಳಿಸುತ್ತಲೇ ಇಲ್ಲ ಎನ್ನುವಷ್ಟು ಕಡಿಮೆ.

ಕಾರಣವನ್ನು ಎರಡೇ ಪದಗಳಲ್ಲಿ ಮುಗಿಸುವ ಸೊಗಸಾದ ದಾರಿಯೂ ಇದೆ. ಸಮಯ ಸಿಕ್ಕರೆ ಎನ್ನಲು ‘ಟೈಮ್ ಪರ್ಮಿಟಿಂಗ್’, ಮಳೆಗಾಳಿ ಅಡ್ಡಿ ಮಾಡದಿದ್ದರೆ ಎನ್ನಲು ‘ವೆದರ್ ಪರ್ಮಿಟಿಂಗ್’. ನಮ್ಮವರು ಇದನ್ನು ಬಳಸುವುದೇ ಕಡಿಮೆ, ಬಳಸಬೇಕು.

ಹಂತ 5: ಗೆರೆಯ ಈಚೆ ಏನಿದೆ ಎಂದು ತೋರಿಸಿ

ಇಷ್ಟೂ ಹಂತಗಳಲ್ಲಿ ಮುಖ್ಯವಾದದ್ದು ಇದೇ. ‘ದ ಬೆಸ್ಟ್ ಐ ಕ್ಯಾನ್ ಡೂ ಈಸ್’ ಎಂದು ಶುರುಮಾಡಿ ನಿಮಗೆ ಆಗುವುದನ್ನು ಹೇಳಿ. ದಿನಕ್ಕೆ ‘ದ ಅರ್ಲಿಯಸ್ಟ್ ಐ ಕ್ಯಾನ್ ಮೇಕ್ ಇಟ್ ಈಸ್’, ಹಣಕ್ಕೆ ‘ದ ಮೋಸ್ಟ್ ವಿ ಕ್ಯಾನ್ ಆಫರ್ ಈಸ್’. ಯಾರೋ ಬುಧವಾರದೊಳಗೆ ವರದಿ ಕೇಳಿದ್ದಾರೆ ಎನ್ನಿ. ಉತ್ತರಕ್ಕೆ ಮೂರು ವಾಕ್ಯ ಸಾಕು: ‘ಐಯಾಮ್ ಅಫ್ರೇಡ್ ವೆಡ್‌ನೆಸ್‌ಡೇ ವೋಂಟ್ ಬಿ ಪಾಸಿಬಲ್. ವಿ ಆರ್ ಸ್ಟಿಲ್ ವೇಟಿಂಗ್ ಫಾರ್ ದ ಸೇಲ್ಸ್ ಫಿಗರ್ಸ್. ದ ಅರ್ಲಿಯಸ್ಟ್ ಐ ಕ್ಯಾನ್ ಸೆಂಡ್ ಇಟ್ ಈಸ್ ಫ್ರೈಡೇ ಮಾರ್ನಿಂಗ್.’ ಇಲ್ಲಿ ‘ಅಫ್ರೇಡ್’ ಎಂದರೆ ಹೆದರಿಕೆಯಲ್ಲ, ವಿಷಾದ. ಅದು ಒಮ್ಮೆ ಬಂದರೆ ಸಾಕು. ಮೂರು ಸಲ ‘ಸಾರಿ’ ಸೇರಿಸಿದರೆ ಗೆರೆ ಅಳಿಸಿಹೋಗಿ, ಇನ್ನೂ ಒತ್ತಿದರೆ ಒಪ್ಪಿಯಾನು ಎಂಬ ಭಾವನೆ ಬರುತ್ತದೆ.

ಕೇಳುವವರು ಮತ್ತೆ ಮತ್ತೆ ಒತ್ತಿದರೆ ‘ದೇರ್ಸ್ ಓನ್ಲಿ ಸೋ ಮಚ್ ಐ ಕ್ಯಾನ್ ಡೂ’ ಎನ್ನಬಹುದು. ನನ್ನ ಕೈಲಿ ಆಗುವುದಕ್ಕೂ ಒಂದು ಮಿತಿ ಇದೆ ಎಂದರ್ಥ. ಎಣಿಸಬಹುದಾದ ವಸ್ತುವಿಗೆ ‘ಸೋ ಮೆನಿ’: ‘ದೇರ್ ಆರ್ ಓನ್ಲಿ ಸೋ ಮೆನಿ ಅವರ್ಸ್ ಇನ್ ಎ ಡೇ’.

ಬ್ರಿಟಿಷರ ‘ದಟ್ ಮೈಟ್ ಬಿ ಎ ಬಿಟ್ ಟ್ರಿಕಿ’ ನಮ್ಮ ‘ಸ್ವಲ್ಪ ಕಷ್ಟ ಆಗುತ್ತೆ’ಯ ಹಾಗೆಯೇ, ಹೆಚ್ಚಿನ ಸಲ ನಿರಾಕರಣೆ. ಆದರೆ ‘ಐ’ಲ್ ಸೀ ವಾಟ್ ಐ ಕ್ಯಾನ್ ಡೂ’ ಎಂಬುದು ನಮ್ಮ ‘ನೋಡೋಣ’ ಅಲ್ಲ. ಹಾಗೆಂದವರು ಪ್ರಯತ್ನಪಟ್ಟು ಉತ್ತರ ಕೊಡುತ್ತಾರೆ ಎಂದೇ ಕೇಳಿದವರು ಕಾಯುತ್ತಾರೆ.

ಹಂತ 6: ಸಹಿ ಬೀಳುವ ಕಾಗದದಲ್ಲಿ ಪದ ತೂಗಿ

ಪತ್ರದಲ್ಲಿ ‘ಆ್ಯಸ್ ಫಾರ್ ಆ್ಯಸ್ ಪಾಸಿಬಲ್’ ಎಂದು ಸಲೀಸಾಗಿ ಬರೆಯುತ್ತೇವೆ. ಕಾನೂನಿನಲ್ಲಿ ಇಂಥ ಪದಗಳಿಗೆ ಅಳತೆ ಇದೆ. ಬ್ರಿಟನ್ನಿನ 1974ರ ಕೆಲಸದ ಸ್ಥಳದ ಆರೋಗ್ಯ ಮತ್ತು ಸುರಕ್ಷತೆ ಕಾಯ್ದೆಯಲ್ಲಿ ಮಾಲೀಕನ ಹೊಣೆಗೆ ಗೆರೆ ಹಾಕಿರುವುದು ‘ಸೋ ಫಾರ್ ಆ್ಯಸ್ ಈಸ್ ರೀಸನಬ್ಲಿ ಪ್ರಾಕ್ಟಿಕಬಲ್’ ಎಂಬ ಮಾತು. ಅದರ ಅರ್ಥ ತಿಳಿಯಲು 1949ರ ಎಡ್ವರ್ಡ್ಸ್ ವಿರುದ್ಧ ನ್ಯಾಷನಲ್ ಕೋಲ್ ಬೋರ್ಡ್ ತೀರ್ಪನ್ನು ಇಂದಿಗೂ ನೋಡುತ್ತಾರೆ. ಗಣಿಯೊಳಗಿನ ದಾರಿ ಕುಸಿದು ಕಾರ್ಮಿಕ ಸತ್ತ ಪ್ರಕರಣ ಅದು. ‘ರೀಸನಬ್ಲಿ ಪ್ರಾಕ್ಟಿಕಬಲ್’ ಎಂಬುದು ಭೌತಿಕವಾಗಿ ಸಾಧ್ಯ ಎನ್ನುವುದಕ್ಕಿಂತ ಕಿರಿದು ಎಂದು ನ್ಯಾಯಾಲಯ ಹೇಳಿತು. ತಕ್ಕಡಿಯ ಒಂದು ತಟ್ಟೆಯಲ್ಲಿ ಅಪಾಯ, ಇನ್ನೊಂದರಲ್ಲಿ ಅದನ್ನು ತಪ್ಪಿಸಲು ಬೇಕಾದ ಹಣ, ಸಮಯ, ಶ್ರಮ. ಅಪಾಯಕ್ಕೆ ಹೋಲಿಸಿದರೆ ಖರ್ಚು ತೀರಾ ವಿಪರೀತವಾದಾಗ ಮಾತ್ರ ಮಾಲೀಕನಿಗೆ ಬಿಡುಗಡೆ. ಅಲ್ಲಿನ ಕಾಯ್ದೆಯಲ್ಲಿ ಅದನ್ನು ಸಾಬೀತು ಮಾಡುವ ಹೊಣೆಯೂ ಆರೋಪಿ ಮಾಲೀಕನದೇ. ನಮ್ಮ 1948ರ ಕಾರ್ಖಾನೆ ಕಾಯ್ದೆಗೆ 1987ರಲ್ಲಿ ಸೇರಿದ 7ಎ ಕಲಮಿನಲ್ಲೂ ಇದೇ ಮಾತು ಬಂದಿತು.

ಕರಾರುಗಳಲ್ಲಿ ‘ಬೆಸ್ಟ್ ಎಂಡೆವರ್ಸ್’ (ಕೈಲಾದ ಎಲ್ಲ ಪ್ರಯತ್ನ) ಎಂದು ಬರೆದರೆ ‘ರೀಸನಬಲ್ ಎಂಡೆವರ್ಸ್’ (ತಕ್ಕಮಟ್ಟಿನ ಪ್ರಯತ್ನ) ಎನ್ನುವುದಕ್ಕಿಂತ ಭಾರವಾದ ಹೊಣೆ ಹೆಗಲೇರುತ್ತದೆ ಎಂಬುದು ಇಂಗ್ಲೆಂಡಿನ ಕಾನೂನಿನ ಸಾಮಾನ್ಯ ತಿಳಿವಳಿಕೆ. ‘ಬೆಸ್ಟ್’ ಚೆಂದ ಕಾಣುತ್ತದೆ ಎಂದು ಸೇರಿಸಬೇಡಿ.

ಫೋನಿನಲ್ಲಿ

‘ಕ್ಯಾನ್’ ಮತ್ತು ‘ಕಾಂಟ್’ ಕಿವಿಗೆ ಬೆರೆತುಹೋಗುವುದು ಫೋನಿನಲ್ಲಿ, ಅದರಲ್ಲೂ ಅಮೆರಿಕದವರೊಂದಿಗೆ. ಅವರು ‘ಕ್ಯಾಂಟ್’ ಎನ್ನುವಾಗ ಕೊನೆಯ ‘ಟ’ ಎಷ್ಟೋ ಸಲ ಕೇಳಿಸುವುದೇ ಇಲ್ಲ. ಹಾಗಾಗಿ ‘ಟ’ ಹುಡುಕುವ ಬದಲು ಒತ್ತು ಎಲ್ಲಿದೆ ಎಂದು ಗಮನಿಸಿ. ‘ಐ ಕನ್ ಗೋ’ ಎಂದು ಪದ ಮೊಟಕಾಗಿ ‘ಗೋ’ ಮೇಲೆ ಒತ್ತು ಬಿದ್ದರೆ ಅದು ಆಗುತ್ತದೆ ಎಂಬ ಮಾತು. ‘ಕ್ಯಾ’ ಪೂರ್ತಿ ತೆರೆದು, ಅದರ ಮೇಲೂ ಒತ್ತು ಬಿದ್ದರೆ ಆಗದು ಎಂಬ ಮಾತು. ನಾವು ಎರಡನ್ನೂ ಸಮ ಒತ್ತಿನಲ್ಲಿ ಹೇಳುವುದರಿಂದ ಅವರೂ ಗೊಂದಲಕ್ಕೆ ಬೀಳುತ್ತಾರೆ. ಹಣ ಅಥವಾ ದಿನಾಂಕದ ಮಾತಾದರೆ ‘ಕ್ಯಾನಾಟ್’ ಎಂದು ಬಿಡಿಸಿ ಹೇಳಿ, ಬರೆಯುವಾಗ ಅದನ್ನು ಒಂದೇ ಪದವಾಗಿ ಬರೆಯಿರಿ. ಆ ಕಡೆಯವರದು ಸ್ಪಷ್ಟವಾಗದಿದ್ದರೆ ‘ಸೋ ದಟ್ಸ್ ಎ ನೋ ಫಾರ್ ಫ್ರೈಡೇ?’ ಎಂದು ಕೇಳಿ ಖಚಿತಪಡಿಸಿಕೊಳ್ಳಿ.