ಮನೆಗೆ ಗೊತ್ತಾಗದ ಹಾಗೆ ಸ್ಕಾಲರ್‌ಶಿಪ್ ಕೊಡುವುದು ಹೇಗೆ?

ಹೋದ ವರ್ಷ ನಮ್ಮ ಡಿಗ್ರಿ ಬ್ಯಾಚಿನವರೆಲ್ಲ ಸೇರಿ ಒಂದಿಷ್ಟು ಹಣ ಕೂಡಿಸಿದೆವು. ಎಲ್‌ಜಿಬಿಟಿಕ್ಯೂ, ಅಂದರೆ ಗೇ, ಲೆಸ್ಬಿಯನ್, ಟ್ರಾನ್ಸ್‌ಜೆಂಡರ್ ಮುಂತಾದ ವಿದ್ಯಾರ್ಥಿಗಳಿಗೆ ಕೊಡೋಣ ಅಂತ. ಉತ್ಸಾಹದಲ್ಲಿ ಅರ್ಜಿಯನ್ನೂ ತಯಾರು ಮಾಡಿದೆವು: ತಂದೆಯ ಹೆಸರು, ಆದಾಯ ಪ್ರಮಾಣಪತ್ರ, ಪೋಷಕರ ಸಹಿ. ಒಂದೂ ಅರ್ಜಿ ಬರಲಿಲ್ಲ. ಮನೆಯಲ್ಲಿ ಬಾಯಿ ಬಿಡದ ಹುಡುಗ ಅಪ್ಪನ ಸಹಿ ಎಲ್ಲಿಂದ ತರುತ್ತಾನೆ? ಮನೆಯಿಂದ ಹೊರಗೆ ಹಾಕಿಸಿಕೊಂಡವಳು ಯಾರ ರೇಷನ್ ಕಾರ್ಡ್ ಹಿಡಿದು ನಾಡಕಚೇರಿಗೆ ಹೋಗುತ್ತಾಳೆ? ತಪ್ಪು ನಮ್ಮದೇ. ನೀವೂ ಕೊಡುವುದಾದರೆ ಹೀಗೆ ಮಾಡಿ.

ಮೊದಲು ಸರ್ಕಾರದ್ದು ಏನಿದೆ ನೋಡಿ. ಕೇಂದ್ರದ ಸ್ಮೈಲ್ ಯೋಜನೆ 2022ರಲ್ಲಿ ಶುರುವಾಯಿತು. ಅದರಲ್ಲಿ ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳಿಗೆ 9ನೇ ತರಗತಿಯಿಂದ ಸ್ನಾತಕೋತ್ತರದವರೆಗೆ ವರ್ಷಕ್ಕೆ 13,500 ರೂಪಾಯಿ ಇದೆ. ಟ್ರಾನ್ಸ್‌ಜೆಂಡರ್ ಅಂತ ಜಿಲ್ಲಾಧಿಕಾರಿ ಕೊಡುವ ಪ್ರಮಾಣಪತ್ರ ಬೇಕು. ಇಗ್ನೋ ಮುಕ್ತ ವಿಶ್ವವಿದ್ಯಾಲಯ 2017ರಲ್ಲೇ ಇವರಿಗೆ ಫೀಸು ಮಾಫಿ ಮಾಡಿದೆ. ಇದೆಲ್ಲ ಸಿಕ್ಕಿದವರಿಗೆ ನಿಮ್ಮ ಹಣ ಪಿಜಿ ಬಾಡಿಗೆಗೋ ಲ್ಯಾಪ್‌ಟಾಪಿಗೋ ಆಗುತ್ತದೆ.

ಗೇ, ಲೆಸ್ಬಿಯನ್ ಮಕ್ಕಳ ಕಥೆ ಬೇರೆ. 2018ರಲ್ಲಿ ಸುಪ್ರೀಂ ಕೋರ್ಟ್ ಇವರ ಸಂಬಂಧ ಅಪರಾಧ ಅಲ್ಲ ಅಂದಿತು, ಸರಿ. ಆದರೆ ತೋರಿಸಲು ಯಾವ ಕಾರ್ಡೂ ಇಲ್ಲ. ಹಾಗಾಗಿ ಪುರಾವೆ ಕೇಳಲೇಬೇಡಿ. ‘ಯಾರಾದರೂ ಸುಳ್ಳು ಹೇಳಿ ತಗೊಂಡರೆ?’ ಅಂತ ನಮ್ಮ ಗುಂಪಿನಲ್ಲಿ ಎರಡು ದಿನ ಜಗಳವೇ ಆಯಿತು. ಹತ್ತು ಸಾವಿರಕ್ಕೋಸ್ಕರ ಈ ಹೆಸರು ಹಚ್ಚಿಕೊಳ್ಳುವ ಧೈರ್ಯ ನಮ್ಮೂರಲ್ಲಿ ಯಾರಿಗಿದೆ ಹೇಳಿ? ಹಿಂದಿನ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್, ಕಾಲೇಜಿನ ಫೀಸ್ ಚೀಟಿ, ಪರಿಚಯದ ಒಬ್ಬ ಲೆಕ್ಚರರ್ ಮಾತು, ಇಷ್ಟು ಸಾಕು. ಅರ್ಜಿಯಲ್ಲಿ ಹೆಸರಿಗೆ ಎರಡು ಜಾಗ ಬಿಡಿ. ಒಂದು ಮಾರ್ಕ್ಸ್ ಕಾರ್ಡಿನಲ್ಲಿರುವುದು, ಇನ್ನೊಂದು ಅವರನ್ನು ಕರೆಯಬೇಕಾದ್ದು.

ಇನ್ನು ಹಣ ಮುಟ್ಟಿಸುವುದು. ಇಲ್ಲೇ ಜಾಸ್ತಿ ಎಡವುವುದು. ಎಷ್ಟೋ ಮಕ್ಕಳ ಬ್ಯಾಂಕ್ ಖಾತೆ ಅಪ್ಪ ಮಾಡಿಸಿದ್ದು, ಎಸ್ಸೆಮ್ಮೆಸ್ ಹೋಗುವುದೂ ಅಪ್ಪನ ಮೊಬೈಲಿಗೇ. ‘ಪ್ರೈಡ್ ಸ್ಕಾಲರ್‌ಶಿಪ್’ ಅಂತ ಪಾಸ್‌ಬುಕ್ಕಿನಲ್ಲಿ ಅಚ್ಚಾದರೆ ಮುಗಿಯಿತು. ಅದಕ್ಕೇ ನಿಮ್ಮ ನಿಧಿಗೆ ‘ಹಳೆ ವಿದ್ಯಾರ್ಥಿ ನಿಧಿ’ ಥರದ ಸಪ್ಪೆ ಹೆಸರಿಡಿ. ಸಾಧ್ಯವಾದರೆ ಫೀಸನ್ನು ನೇರ ಕಾಲೇಜಿಗೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿ, ಮಂಚದಷ್ಟು ದೊಡ್ಡ ಚೆಕ್ ಹಿಡಿಸಿ ಫೋಟೋ ತೆಗೆಯುವ ಚಪಲ ಇದ್ದರೆ ಬೇರೆ ಸ್ಕಾಲರ್‌ಶಿಪ್ ಮಾಡಿ.

ನಾಲ್ಕೈದು ಜನ ಸೇರಿ ಸುಮ್ನೆ ಫೀಸು ಕಟ್ಟುವುದಕ್ಕೆ ಟ್ರಸ್ಟ್ ಬೇಕಿಲ್ಲ. ಕೊಟ್ಟವರಿಗೆ ತೆರಿಗೆ ವಿನಾಯಿತಿ ಬೇಕಾದರೆ ಟ್ರಸ್ಟ್, ಆದಾಯ ತೆರಿಗೆ ಇಲಾಖೆಯ ನೋಂದಣಿ ಎಲ್ಲ ಮಾಡಿಸಿ. ಅಮೆರಿಕದ ಗೆಳೆಯರು ಇದ್ದೇ ಇರುತ್ತಾರೆ ಅಲ್ವಾ? ಅವರಲ್ಲಿ ಭಾರತದ ಪೌರತ್ವ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆಯಿಲ್ಲ. ಅಲ್ಲಿನ ಪೌರತ್ವ ತಗೊಂಡವರದ್ದು ವಿದೇಶಿ ದೇಣಿಗೆ ಆಗುತ್ತದೆ, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ ಅಷ್ಟೇ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಇಲ್ಲದ ಟ್ರಸ್ಟ್ ಅದನ್ನು ಮುಟ್ಟುವಂತಿಲ್ಲ.

ಆಯ್ಕೆಯಾದವರಿಗೆ ಪತ್ರ ಹಾಕಬೇಡಿ, ಮನೆಯಲ್ಲಿ ಯಾರು ಒಡೆಯುತ್ತಾರೋ ಏನೋ. ಎಷ್ಟು ಹೊತ್ತಿಗೆ ಫೋನ್ ಮಾಡಬಹುದು ಅಂತ ಅರ್ಜಿಯಲ್ಲೇ ಕೇಳಿ. ಅಕಸ್ಮಾತ್ ಅಮ್ಮ ಎತ್ತಿದರೆ ‘ಕಾಲೇಜಿನ ಫೀಸ್ ವಿಚಾರ ಮಾತಾಡಬೇಕಿತ್ತು, ಅಮ್ಮಾ’ ಅನ್ನಿ. ಸುಳ್ಳೇನೂ ಅಲ್ಲವಲ್ಲ.