ಮುಖ ಗುರುತಿಸಲಾರದ ಸಾಕ್ಷಿಗೆ ಕ್ಲೈಮ್ಯಾಕ್ಸ್ ಬರೆದದ್ದು

ಕೊಲೆಯನ್ನು ಕಣ್ಣಾರೆ ಕಂಡವಳು, ಆದರೆ ಯಾರ ಮುಖವನ್ನೂ ಗುರುತಿಸಲಾರಳು. ಕಿರುಚಿತ್ರಕ್ಕೆ ಇಂಥ ಎಳೆ ಸಿಕ್ಕರೆ ಅರ್ಧ ಕೆಲಸ ಮುಗಿಯಿತು ಅನ್ನಿಸುತ್ತದೆ. ಕಷ್ಟವೆಲ್ಲ ಕೊನೆಯ ದೃಶ್ಯದ್ದು. ಆಕೆಗೆ ಗೊತ್ತಾಗದ ಮುಖ ಪ್ರೇಕ್ಷಕನಿಗೆ ಮೊದಲ ಸಲಕ್ಕೇ ಗೊತ್ತಾಗಿಬಿಡುತ್ತದಲ್ಲ!

ತಲೆಗೆ ಇನ್ನೊಂದು ಪೆಟ್ಟು ಬಿದ್ದು ಎಲ್ಲ ಸರಿಹೋಗುವ ಅಂತ್ಯ ಬೇಡವೆಂದು ಮೊದಲೇ ತೀರ್ಮಾನಿಸಿದ್ದೆ. ಆಕೆಗಿರುವ ಪ್ರೊಸೊಪಗ್ನೋಸಿಯಾ, ಅಂದರೆ ಮುಖ ಗುರುತಿಸಲಾಗದ ತೊಂದರೆ, ಕಣ್ಣಿನ ದೋಷವಲ್ಲ, ಮರೆವೂ ಅಲ್ಲ. ಕಣ್ಣು, ಮೂಗು, ಬಾಯಿ ಎಲ್ಲ ಕಾಣುತ್ತವೆ. ಅವು ಸೇರಿ ಇಂಥವರು ಅಂತ ಆಗುವುದಿಲ್ಲ. ನರವೈದ್ಯ ಆಲಿವರ್ ಸ್ಯಾಕ್ಸ್ ಅವರಿಗೆ ಇದು ಮೊದಲಿನಿಂದಲೂ ಇತ್ತು. ಎದುರು ಬಂದ ಗಡ್ಡದವನಿಗೆ ಕ್ಷಮೆ ಕೇಳಿ, ಆಮೇಲೆ ಅದು ಕನ್ನಡಿ ಎಂದು ತಿಳಿದ ಪ್ರಸಂಗವನ್ನು ಅವರೇ ಹೇಳಿಕೊಂಡಿದ್ದಾರೆ. ಇಂಥವರು ನಡಿಗೆ, ದನಿ, ಕೂದಲು, ಬಟ್ಟೆಗಳಿಂದಲೇ ಜನರನ್ನು ಪತ್ತೆಹಚ್ಚುತ್ತಾರೆ. ನನಗೆ ನಡಿಗೆ ಸಾಕಿತ್ತು.

ಕೊಲೆಗಾರನ ಪಾತ್ರಕ್ಕೆ ಮೂವರು ನಟರನ್ನು ಹಾಕಿದೆ. ಈ ಉಪಾಯ ನನ್ನದಲ್ಲ. 2011ರ ‘ಫೇಸಸ್ ಇನ್ ದ ಕ್ರೌಡ್’ನಲ್ಲೂ ನಾಯಕಿಯ ಕಣ್ಣಿಗೆ ಒಬ್ಬನೇ ಮನುಷ್ಯ ಬೇರೆ ಬೇರೆ ನಟರಾಗಿ ಕಾಣುತ್ತಾನೆ. ನಾನು ಸೇರಿಸಿದ್ದು ತಾಲೀಮು. ಮೂವರಿಗೂ ಒಂದೇ ನಡಿಗೆ ಕಲಿಸಿದೆ: ಬಲಗಾಲು ತುಸು ಎಳೆತ, ತಿರುಗುವಾಗ ಎಡಗೈ ಸೊಂಟಕ್ಕೆ. ಡೈಲಾಗ್ ಒಪ್ಪಿಸುವುದಕ್ಕಿಂತ ಇದಕ್ಕೇ ಹೆಚ್ಚು ಬೆವರು ಹರಿಯಿತು.

ಕ್ಲೈಮ್ಯಾಕ್ಸ್ ಜೈಲಿನೊಳಗಿನ ಗುರುತು ಪತ್ತೆ ಪರೇಡ್. ಇಲ್ಲಿ ಕಾನೂನೇ ಕೈಹಿಡಿಯಿತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 54ನೇ ಸೆಕ್ಷನ್ ಪ್ರಕಾರ, ಗುರುತಿಸುವವರಿಗೆ ಮಾನಸಿಕ ಅಥವಾ ದೈಹಿಕ ಅಂಗವೈಕಲ್ಯವಿದ್ದರೆ ಮ್ಯಾಜಿಸ್ಟ್ರೇಟರ ಮೇಲ್ವಿಚಾರಣೆ ಬೇಕು, ವಿಡಿಯೋ ಚಿತ್ರೀಕರಣವೂ ಆಗಬೇಕು. ಹಾಗಾಗಿ ಇಡೀ ದೃಶ್ಯವನ್ನು ಆ ಸರ್ಕಾರಿ ವಿಡಿಯೋದಂತೆಯೇ ತೆಗೆದೆ. ಅಲ್ಲಾಡದ ಕ್ಯಾಮೆರಾ, ವೈಡ್ ಶಾಟ್, ಹಿನ್ನೆಲೆ ಸಂಗೀತವಿಲ್ಲ. ಕ್ಲೋಸಪ್ ಇಲ್ಲದ್ದು ಛಾಯಾಗ್ರಾಹಕನಿಗೆ ಕೊನೆಯವರೆಗೂ ಹಿಡಿಸಲಿಲ್ಲ.

ಸಾಲಾಗಿ ನಿಂತವರಿಗೆ ನಡಿಗೆಯೆಲ್ಲಿ? ಆಕೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತಾಳೆ, ಬರಿಗೈಲಿ ಬರುತ್ತಾಳೆ. ಆಮೇಲೆ, ‘ಸಾರ್, ಇವರನ್ನ ಒಂದ್ಸಲ ಆ ಗೋಡೆ ತನಕ ನಡೆಸ್ತೀರಾ?’ ಅನ್ನುತ್ತಾಳೆ. ಕೊಲೆಗಾರ ಹುಷಾರಿ. ಕಾಲೆಳೆಯದೆ ನೆಟ್ಟಗೆ ನಡೆಯುತ್ತಾನೆ. ಗೋಡೆ ಬಂತು, ತಿರುಗಬೇಕು. ಎಡಗೈ ತಾನಾಗಿ ಸೊಂಟಕ್ಕೆ ಹೋಗುತ್ತದೆ.

ಸಾಲಿನಲ್ಲಿ ಆ ಮೂವರಲ್ಲಿ ಯಾರನ್ನೂ ನಿಲ್ಲಿಸಿರಲಿಲ್ಲ. ಅಲ್ಲಿದ್ದವನು ಅಲ್ಲಿಯತನಕ ತೆರೆಯ ಮೇಲೆ ಬಾರದ ನಾಲ್ಕನೆಯ ನಟ. ಪ್ರೇಕ್ಷಕರಿಗೂ ಆ ಕೈ ಬಿಟ್ಟರೆ ಬೇರೆ ಸುಳಿವಿಲ್ಲ. ಪ್ರದರ್ಶನದ ದಿನ ಮುಂದಿನ ಸಾಲಿನ ಅಜ್ಜಿಯೊಬ್ಬರು ನಾಯಕಿ ಬೆರಳು ತೋರಿಸುವ ಮುಂಚೆಯೇ ‘ಅವನೇ!’ ಎಂದರು. ಮುಗಿದ ಮೇಲೆ ಒಬ್ಬ ಹುಡುಗ ಬಂದು, ಹಾಗಾದರೆ ಅವನ ನಿಜವಾದ ಮುಖ ಯಾವುದು ಎಂದು ಕೇಳಿದ. ಕ್ರೆಡಿಟ್ಸ್‌ನಲ್ಲಿ ಆ ಪಾತ್ರದ ಎದುರು ನಾಲ್ಕೂ ಹೆಸರು ಹಾಕಿದ್ದೇನೆ, ಆರಿಸಿಕೋ ಅಂದೆ.