ಸುಮ್ನೆ ಕೂರುವುದಕ್ಕೊಂದು ಬಟನ್

ಕಸ್ಟಮರ್ ಕೇರ್ ಫ್ಲೋರ್‌ನಲ್ಲಿ ಧ್ಯಾನ ಶುರು ಮಾಡೋಣ ಅಂದಾಗ ನಮ್ಮ ಆಪರೇಷನ್ಸ್ ಮ್ಯಾನೇಜರ್ ತುಂಬಿದ ಮೀಟಿಂಗ್‌ನಲ್ಲಿ, "ನೀವು ಸುಮ್ನೆ ಕೂತ್ಕೊಳ್ಳಿ" ಅಂದುಬಿಟ್ಟರು. ನಾನು ಅನುಮತಿ ಕೇಳುತ್ತಿದ್ದದ್ದೂ ಅದಕ್ಕೇ ಅಲ್ವಾ! ಈಗ ಒಂದೂವರೆ ವರ್ಷವಾಯಿತು. ಸುಮಾರು 140 ಜನರ ಫ್ಲೋರ್‌ನಲ್ಲಿ ದಿನವೂ ಅರ್ಧಕ್ಕಿಂತ ಜಾಸ್ತಿ ಜನ ಒಂದು ಸಲವಾದರೂ ಹೆಡ್‌ಸೆಟ್ ಕೆಳಗಿಟ್ಟು ಸುಮ್ಮನೆ ಕೂರುತ್ತಾರೆ. ಎಚ್‌ಆರ್ ಕೆಲಸಕ್ಕೆ ಬಂದ ಮೇಲೆ ನಾನು ಮಾಡಿದ್ದರಲ್ಲಿ ನಿಜವಾಗಿ ಉಳಿದುಕೊಂಡದ್ದು ಇದೊಂದೇ ಇರಬೇಕು.

ಅದಕ್ಕೂ ಮೊದಲು ದುಡ್ಡು ಕಳೆದ ಕಥೆ ಇದೆ. ಮೊದಲು ಕೈ ಹಾಕಿದ್ದು ಧ್ಯಾನದ ಆಪ್‌ಗೆ. ಎಲ್ಲರಿಗೂ ಒಂದು ವರ್ಷದ ಲೈಸೆನ್ಸ್ ತೆಗೆದುಕೊಂಡೆ. ವರ್ಷದ ವೆಲ್‌ನೆಸ್ ಬಜೆಟ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಅಲ್ಲಿಗೇ ಹೋಯಿತು. ಮೊದಲ ತಿಂಗಳು 90 ಜನ ಲಾಗಿನ್ ಆದರು. ಮೂರನೇ ತಿಂಗಳು ರಿಪೋರ್ಟ್ ತೆಗೆದರೆ ಹನ್ನೊಂದು. ಅದರಲ್ಲಿ ಮೂವರು ಎಚ್‌ಆರ್‌ನವರು, ನಾನೂ ಸೇರಿ. ಒಂದು ಪೈಸೆಯೂ ವಾಪಸ್ ಬರಲಿಲ್ಲ. ತೆಗೆದುಕೊಳ್ಳುವುದಾದರೆ ಬಳಸಿದವರ ಲೆಕ್ಕಕ್ಕೆ ತೆಗೆದುಕೊಳ್ಳಿ, ತಲೆ ಲೆಕ್ಕಕ್ಕೆ ಬೇಡ.

ಆಮೇಲೆ ಟ್ರೈನರ್ ಕರೆಸಿ ಎಂಟು ವಾರದ ಕೋರ್ಸ್ ಇಟ್ಟೆ. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮೆಡಿಕಲ್ ಸ್ಕೂಲಿನಲ್ಲಿ ಜಾನ್ ಕಬಟ್-ಜಿನ್ ಶುರು ಮಾಡಿದ ಎಂಬಿಎಸ್‌ಆರ್, ಅಂದರೆ ಧ್ಯಾನದಿಂದ ಒತ್ತಡ ತಗ್ಗಿಸುವ ಕೋರ್ಸ್, ಅದು. ವಾರಕ್ಕೊಂದು ಎರಡೂವರೆ ಗಂಟೆಯ ಕ್ಲಾಸು, ಮನೆಯಲ್ಲಿ ದಿನಕ್ಕೆ 45 ನಿಮಿಷದ ಅಭ್ಯಾಸ. ಕೋರ್ಸನ್ನು ದೂರುವುದಿಲ್ಲ. ತಪ್ಪು ನನ್ನದು. ಎಂಟು ಗಂಟೆ ಬೈಸಿಕೊಂಡು ಎದ್ದವರನ್ನು ಶಿಫ್ಟ್ ಮುಗಿದ ಮೇಲೆ ಮತ್ತೆ ಕೂರಿಸಿದೆ. ಮೂವತ್ತು ಜನ ಸೇರಿದರು, ಕೊನೆ ಮುಟ್ಟಿದ್ದು ನಾಲ್ವರು. ಎರಡನೇ ವಾರವೇ ಒಬ್ಬ ಹುಡುಗಿ ಕೇಳಿದ್ದಳು: "ಸರ್, ಮನೇಲಿ ಮುಕ್ಕಾಲು ಗಂಟೆ ಸಿಕ್ಕಿದ್ರೆ ನಾನು ನಿದ್ದೆ ಮಾಡಲ್ವಾ?"

ದಾರಿ ಹೊಳೆದದ್ದು ಅವಳ ಪಕ್ಕದಲ್ಲೇ. ಒಂದು ಮಧ್ಯಾಹ್ನ ಇನ್ನೊಂದು ಹೆಡ್‌ಸೆಟ್ ಸಿಕ್ಕಿಸಿಕೊಂಡು ಅವಳ ಕಾಲ್‌ಗಳನ್ನು ಕೇಳುತ್ತಾ ಕೂತಿದ್ದೆ. ಒಬ್ಬ ಗ್ರಾಹಕ ಹನ್ನೊಂದು ನಿಮಿಷ ಕಿರುಚಿ ಫೋನ್ ಇಟ್ಟ. ಇವಳ ಭುಜ ಕಿವಿಯ ಹತ್ತಿರಕ್ಕೆ ಏರಿತ್ತು, ಅಲ್ಲೇ ನಿಂತಿತ್ತು. ನೋಟ್ಸ್ ಹಾಕಲು ಹದಿನೈದು ಸೆಕೆಂಡ್, ಮತ್ತೆ ಬೀಪ್. ಮುಂದಿನವರು ಪಾಪ ಬಿಲ್ ಕಾಪಿ ಕೇಳಿದ್ದಷ್ಟೇ. ಹಿಂದಿನವನ ಮೇಲಿದ್ದ ಸಿಟ್ಟೆಲ್ಲ ಅವರಿಗೆ ಹೋಯಿತು.

ಕಾಲ್‌ಗಳನ್ನು ಹಂಚುವ ಸಾಫ್ಟ್‌ವೇರ್ ಆದ ಡಯಲರ್‌ನಲ್ಲಿ, ಕಾಲ್ ತಡೆದು ಎದ್ದು ಹೋಗಲು ಟೀ, ಊಟ, ಟ್ರೈನಿಂಗ್ ಅಂತೆಲ್ಲ ಬ್ರೇಕ್ ಕೋಡ್ ಇರುತ್ತವಲ್ಲ, ಅಲ್ಲೇ ಇನ್ನೊಂದು ಹಾಕಿಸಿದೆ. ಹೆಸರು 'ಉಸಿರು'. ಒತ್ತಿದರೆ ಎರಡು ನಿಮಿಷ ಕಾಲ್ ಬರುವುದಿಲ್ಲ. ಸ್ಕೋರ್‌ನಲ್ಲಿ ಕಡಿತವಿಲ್ಲ. ಯಾಕೆ ಒತ್ತಿದೆ ಅಂತ ಟೀಮ್ ಲೀಡ್ ಕೇಳುವಂತಿಲ್ಲ. ಈ ಕೊನೆಯ ನಿಯಮಕ್ಕೆ ಒಪ್ಪಿಸಲು ಎರಡು ತಿಂಗಳು ಬೇಕಾಯಿತು. ಹೇಗೆ ಒಪ್ಪಿಸಿದೆ ಅನ್ನುವುದನ್ನು ಇಲ್ಲಿ ಬರೆಯಲ್ಲ, ಮುಂದೆಯೂ ಬೇಕಾಗುತ್ತದೆ.

"ಎಲ್ಲರೂ ಅದನ್ನೇ ಒತ್ಕೊಂಡು ಕೂರ್ತಾರೆ" ಅಂದರು ಆಪರೇಷನ್ಸ್‌ನವರು. ಮೊದಲ ಎರಡು ವಾರ ಹಾಗೇ ಆಯಿತು, ದಿನಕ್ಕೆ ತಲೆಗೆ ಐದಾರು ಸಲ. ನನಗೂ ಒಳಗೊಳಗೆ ಅಳುಕು. ಆಮೇಲೆ ತಾನಾಗಿಯೇ ಸರಾಸರಿ ಎರಡಕ್ಕೆ ಇಳಿಯಿತು. ಲೆಕ್ಕ ಹಾಕಿ: 140 ಜನ, ಎರಡು ಸಲ, ಎರಡು ನಿಮಿಷ. ದಿನಕ್ಕೆ ಒಂಬತ್ತು ಗಂಟೆ ಚಿಲ್ಲರೆ, ಅಂದರೆ ಒಬ್ಬರ ಶಿಫ್ಟ್‌ಗಿಂತ ಸ್ವಲ್ಪ ಜಾಸ್ತಿ. ನಮ್ಮಲ್ಲಿ ಒಬ್ಬರು ಬಿಟ್ಟರೆ ಅವರ ಜಾಗಕ್ಕೆ ಬರುವ ಹೊಸಬರು ಆರು ವಾರ ಸಂಬಳ ತೆಗೆದುಕೊಂಡು ಟ್ರೈನಿಂಗ್‌ನಲ್ಲೇ ಇರುತ್ತಾರೆ. ತಿಂಗಳಿಗೆ ಒಬ್ಬರು ಕೆಲಸ ಬಿಡದೆ ಉಳಿದರೂ ಹತ್ತಿರಹತ್ತಿರ ಸರಿಹೋಗುತ್ತದೆ. ಮೊದಲು ತಿಂಗಳಿಗೆ ಎಂಟೊಂಬತ್ತು ಜನ ಬಿಡುತ್ತಿದ್ದರು, ಈಗ ಐದಾರು. ಅದೇ ಹೊತ್ತಿಗೆ ರೋಸ್ಟರನ್ನು ಎರಡು ವಾರ ಮುಂಚೆ ಕೊಡಲು ಶುರು ಮಾಡಿದೆವು, ಹಾಗಾಗಿ ಪೂರ್ತಿ ಹೆಗ್ಗಳಿಕೆ ಬಟನ್‌ಗೆ ಕೊಡಲಾರೆ. ಫೈನಾನ್ಸ್‌ನವರಿಗೆ ಮಾತ್ರ ಇದನ್ನು ಹೇಳಿಲ್ಲ.

ಆ ಎರಡು ನಿಮಿಷದಲ್ಲಿ ಏನು ಮಾಡುವುದು? ಮೊದಲು ಎಲ್ಲರಿಗೂ ಕಣ್ಣು ಮುಚ್ಚಿ ಉಸಿರು ಗಮನಿಸಿ ಅಂದಿದ್ದೆ. ಒಬ್ಬರಿಗೆ ಎದೆ ಬಿಗಿಹಿಡಿದು ಗಾಬರಿಯಾಯಿತು. ಕೆಲವರಿಗೆ ಹಾಗಾಗುತ್ತದೆ, ಒತ್ತಾಯ ಮಾಡಲೇಬಾರದು. ಈಗ ಕಣ್ಣು ತೆರೆದೇ, ಮೇಜಿನ ಅಂಚು ನೋಡುತ್ತಾ, ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸುವುದು. ಆಮೇಲೆ ಎಸಿ ಸದ್ದು ಕೇಳುವುದು. ಬೇಕಿದ್ದವರು ಕೊನೆಗೆ ಐದು ಸಲ ಉಸಿರನ್ನು ನಿಧಾನವಾಗಿ ಬಿಡುತ್ತಾರೆ. ಹೆಸರು 'ಉಸಿರು' ಅಂತಲೇ ಉಳಿದಿದೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಶಿಫ್ಟ್ ಶುರುವಿಗೆ ಗಂಟೆ ಬಾರಿಸಿದರೆ ಅದು ಥೇಟ್ ರಿಂಗ್‌ಟೋನ್ ಥರ ಕೇಳಿಸಿತು, ಎಲ್ಲರ ಕೈ ಹೆಡ್‌ಸೆಟ್‌ಗೆ ಹೋಯಿತು. ಚಾಪೆ ಹಾಸಿ ಲೈಟ್ ತಗ್ಗಿಸಿದ ಕೋಣೆ ನಿದ್ದೆ ಕೋಣೆಯಾಯಿತು. ಅದನ್ನು ಹಾಗೇ ಬಿಟ್ಟಿದ್ದೇನೆ, ನಿದ್ದೆಯೂ ಬೇಕು. ಒಬ್ಬ ಟೀಮ್ ಲೀಡ್ 'ಯಾರು ಜಾಸ್ತಿ ಶಾಂತ' ಅಂತ ಲೀಡರ್‌ಬೋರ್ಡ್ ಹಾಕಿದ್ದ, ಅದನ್ನು ಅದೇ ದಿನ ಕಿತ್ತೆ. ರಾತ್ರಿ ಪಾಳಿಯವರು ಕೂತರೆ ತೂಕಡಿಸುತ್ತಾರೆ, ಅವರಿಗೆ ನೀರಿನ ಕ್ಯಾನ್‌ವರೆಗೆ ನಿಧಾನ ನಡಿಗೆ.

ಸುಮ್ನೆ ಕೂತ್ಕೊಳ್ಳಿ ಅಂದವರೇ ಹೋದ ತಿಂಗಳು ಬಂದು, ಟೀಮ್ ಲೀಡ್‌ಗಳಿಗೂ ಇದನ್ನು ಕೊಡಬಹುದಾ ಅಂತ ಕೇಳಿದರು. ಅವರಿಗೆ ಡಯಲರ್ ಇಲ್ಲ, ಬಟನ್ ಎಲ್ಲಿಡುವುದು? ಸದ್ಯಕ್ಕೆ ಅವರ ಅರ್ಧ ಗಂಟೆಯ ಮೀಟಿಂಗ್‌ಗಳನ್ನು 25 ನಿಮಿಷಕ್ಕೆ ಇಳಿಸಿದ್ದೇನೆ. ಉಳಿದ ಐದು ನಿಮಿಷವನ್ನೂ ಮಾತಾಡಿಯೇ ಮುಗಿಸುತ್ತಿದ್ದಾರೆ.